ಸಹಜ ಎಂದು ಬರೆಯುವ ಮೊದಲು

ಜುಲೈ 4, 2024. ಕಾರವಾರ

ಮಧ್ಯಾಹ್ನ ನೋಡಿದ ಒಂದು ರಕ್ತದ ಸ್ಲೈಡ್ ಇನ್ನೂ ತಲೆಯಲ್ಲಿದೆ. ಹದಿನೇಳರ ಹುಡುಗಿ, ಅಂಕೋಲಾ ತಾಲೂಕಿನವಳು, ದ್ವಿತೀಯ ಪಿಯುಸಿ ವಿಜ್ಞಾನ. ಹಿಮೋಗ್ಲೋಬಿನ್ 6.2. ಕೆಂಪು ಕಣಗಳು ಚಿಕ್ಕವು, ನಡುವೆ ಬಿಳಿಚಿದವು. ಪ್ಲೇಟ್‌ಲೆಟ್ ಐದು ಲಕ್ಷ ದಾಟಿದೆ. ಕಬ್ಬಿಣದ ಕೊರತೆ ಎಂದು ಬರೆಯಲು ಅರ್ಧ ನಿಮಿಷ ಸಾಕು, ಬರೆದೂ ಆಯಿತು. ಆದರೆ ಚೀಟಿಯ ಮೂಲೆಯಲ್ಲಿ ಅವರ ಡಾಕ್ಟರು ಬರೆದದ್ದು ಕಣ್ಣಿಗೆ ಬಿತ್ತು: ‘ಆರು ತಿಂಗಳಿಂದ ಕಬ್ಬಿಣದ ಮಾತ್ರೆ. ಮುಟ್ಟಿನ ಸ್ರಾವ? ಜಂತುಹುಳು?’

ಆರು ತಿಂಗಳು! ಮಾತ್ರೆ ಹೊಟ್ಟೆಗೆ ಹೋಗಿ, ಹೀರಿಕೊಂಡರೆ ಒಂದು ತಿಂಗಳಲ್ಲೇ ಹಿಮೋಗ್ಲೋಬಿನ್ ಒಂದೆರಡು ಗ್ರಾಂ ಏರಬೇಕು. ಏರಲಿಲ್ಲವೆಂದರೆ ಹೆಚ್ಚಾಗಿ ಮೂರು ದಾರಿ. ನುಂಗುತ್ತಿಲ್ಲ, ಕರುಳು ಹೀರುತ್ತಿಲ್ಲ, ಇಲ್ಲವೇ ಬಂದದ್ದೆಲ್ಲ ಎಲ್ಲಿಂದಲೋ ಸೋರಿಹೋಗುತ್ತಿದೆ. ರಿಪೋರ್ಟಿಗಾಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಿಯನ್ನು ಒಳಗೆ ಕರೆದೆ.

“ಮುಟ್ಟು ಸರಿಯಾಗೇ ಆಗ್ತದೆ ಅಕ್ಕಾ, ಮೂರು ದಿನ ಅಷ್ಟೇ. ಮಾತ್ರೆ ನಾನೇ ಎದುರಿಗೆ ನಿಂತು ನುಂಗಿಸೂದು” ಎಂದಳು. ಹೊಟ್ಟೆನೋವು? ಇಲ್ಲ. ಸ್ವಲ್ಪ ಉಂಡರೂ ಹೊಟ್ಟೆ ತುಂಬಿದ ಹಾಗೆ ಆಗುತ್ತದಂತೆ, ಕಾಲೇಜಿನ ಮೆಟ್ಟಿಲು ಹತ್ತಿದರೆ ಏದುಸಿರು. ಮಲದ ಬಣ್ಣ ಕೇಳಿದೆ. “ಕಪ್ಪು. ಮಾತ್ರೆ ತಿಂದ್ರೆ ಹಂಗೇ ಆಗ್ತದೆ ಅಂದಿದ್ರಲ್ಲ?”

ಅಂದದ್ದು ಸುಳ್ಳಲ್ಲ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಾಗಿಸುತ್ತದೆ. ಜಠರದಲ್ಲಿ ಒಸರುವ ರಕ್ತವೂ ಕಪ್ಪಾಗಿಯೇ ಹೊರಬರುತ್ತದೆ. ಕಾಯಿಲೆಯ ಗುರುತನ್ನು ಅದರ ಮದ್ದೇ ಮುಚ್ಚಿಬಿಡುವ ಇಂಥ ಜಾಗ ವೈದ್ಯಶಾಸ್ತ್ರದಲ್ಲಿ ಬಹಳ ಇಲ್ಲ. ಅವರ ಡಾಕ್ಟರಿಗೆ ಫೋನ್ ಮಾಡಿದೆ. ಒಂದು ವಾರ ಮಾತ್ರೆ ನಿಲ್ಲಿಸಿ ಮಲ ಪರೀಕ್ಷೆ ಮಾಡಿಸೋಣ ಎಂದಾಗ ಕೂಡಲೇ ಒಪ್ಪಿದರು.

ನಮ್ಮಲ್ಲಿ ಹದಿಹರೆಯದ ಹುಡುಗಿಯರ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಶಾಲೆಗಳಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಹಂಚುವುದು ಅದಕ್ಕಾಗಿಯೇ, ಒಳ್ಳೆಯ ಕೆಲಸ. ಆದರೆ ಅಪರೂಪದ ಕಾಯಿಲೆಗೆ ಅಡಗಿ ಕೂರಲು ಈ ಗುಂಪಿಗಿಂತ ದೊಡ್ಡ ಮರೆ ಬೇರೆ ಬೇಕಿಲ್ಲ.

ಜುಲೈ 11. ಕಾರವಾರ

ಮಾತ್ರೆ ನಿಲ್ಲಿಸಿ ವಾರವಾದರೂ ಮಲ ಕರ್ರಗೆ, ಅಂಟಂಟು. ಪರೀಕ್ಷೆಯಲ್ಲಿ ರಕ್ತ ಇದೆ. ಕೊಕ್ಕೆಹುಳುವಿನ ಮೊಟ್ಟೆ ಇಲ್ಲ. ನಾಡಿದ್ದು ಎಂಡೊಸ್ಕೋಪಿ.

ತಂದೆ ಬೇಲೇಕೇರಿಯಲ್ಲಿ ಬೋಟಿಗೆ ಹೋಗುವವನು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮನೆಯಲ್ಲಿ ದುಡ್ಡಿಲ್ಲದ ಕಾಲ. ತಾಯಿ ಒಣಮೀನು ಮಾರಿ ಸಂಸಾರ ನೂಕುತ್ತಿದ್ದಾಳೆ. ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ ಐದು ಲಕ್ಷದವರೆಗೆ ಸಿಗುತ್ತದೆ, ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇರಬೇಕು. ಅದನ್ನು ಈಗಲೇ ಹೇಳಿಟ್ಟೆ. ಆ ಒಂದು ಕಾಗದಕ್ಕಾಗಿ ನೂರಾರು ಕಿಲೋಮೀಟರ್ ಹಿಂದಿರುಗಿ ಬಂದವರನ್ನು ನೋಡಿದ್ದೇನೆ.

ಜುಲೈ 13. ಕಾರವಾರ

ಜಠರದ ಕೆಳಭಾಗದಲ್ಲಿ, ಕರುಳಿನ ಬಾಗಿಲಿಗೆ ಹತ್ತಿರ, ಒಂದು ಉಬ್ಬು. ಮೇಲಿನ ಪೊರೆ ನುಣ್ಣಗೆ, ಹೊಳೆಯುತ್ತಿದೆ. ತುದಿಯಲ್ಲಿ ಮಾತ್ರ ಚಿಕ್ಕ ಕುಳಿ, ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ. ಇಷ್ಟು ದಿನ ಸೋರಿದ್ದು ಇಲ್ಲಿಂದ. ಇಕ್ಕಳದಿಂದ ತುಣುಕು ತೆಗೆದು ಫಾರ್ಮಲಿನ್‌ನಲ್ಲಿ ಹಾಕಿ ಕಳಿಸಿದ್ದಾರೆ.

ಜುಲೈ 16. ಅಂಕೋಲಾ, ರಾತ್ರಿ

ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಕುಸಿದಿದೆ. ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಇಡೀ ಗುಡ್ಡವೇ ಇಳಿದುಬಂದು, ಚಹಾ ಅಂಗಡಿಯನ್ನು, ಅಲ್ಲಿ ನಿಂತಿದ್ದವರನ್ನು, ಗಾಡಿಗಳನ್ನು ಗಂಗಾವಳಿಗೆ ದೂಡಿದೆ. ಗ್ಯಾಸ್ ಟ್ಯಾಂಕರ್ ಒಂದು ನದಿಯಲ್ಲಿ ತೇಲಿಹೋಯಿತಂತೆ. ನದಿಯ ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಅಪ್ಪಳಿಸಿದೆ. ಎಷ್ಟು ಜನ ಒಳಗಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಊರಿಡೀ ಫೋನ್ ಹಿಡಿದು ಕೂತಿದೆ. ಮಳೆ ನಿಂತಿಲ್ಲ.

ಹುಡುಗಿಯ ಸ್ಲೈಡ್ ಬಂದದ್ದೂ ಇವತ್ತೇ. ಎಲ್ಲ ತುಣುಕುಗಳಲ್ಲೂ ಜಠರದ ಒಳಪೊರೆ ಮಾತ್ರ. ಸ್ವಲ್ಪ ಉರಿಯೂತ, ಅಲ್ಲಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ. ಗೆಡ್ಡೆಯ ಕಣ ಒಂದೂ ಇಲ್ಲ.

ಜುಲೈ 17. ಕಾರವಾರ

ರಿಪೋರ್ಟ್ ಹೇಗೆ ಬರೆಯಬೇಕೆಂದು ಬೆಳಗಿನಿಂದ ಯೋಚಿಸಿದೆ. ‘ಪೈಲೋರಿ ಸಹಿತ ಗ್ಯಾಸ್ಟ್ರೈಟಿಸ್. ಕ್ಯಾನ್ಸರ್ ಇಲ್ಲ.’ ಬರೆದರೆ ಅಕ್ಷರ ಅಕ್ಷರವೂ ನಿಜ. ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಎರಡು ವಾರ ಆ್ಯಂಟಿಬಯೋಟಿಕ್, ಮತ್ತೆ ಕಬ್ಬಿಣದ ಮಾತ್ರೆ, ಮತ್ತೆ ಕಪ್ಪು ಮಲ. ಪೈಲೋರಿ ನಮ್ಮ ದೇಶದಲ್ಲಿ ಹುಡುಕಿದರೆ ಬಹಳ ಜನರ ಜಠರದಲ್ಲಿ ಸಿಗುವ ಬ್ಯಾಕ್ಟೀರಿಯಾ. ಅದು ಸಿಕ್ಕಿತೆಂದ ಮಾತ್ರಕ್ಕೆ ಉಬ್ಬಿಗೆ ಉತ್ತರ ಸಿಕ್ಕಿತೆಂದಲ್ಲ.

ಉಬ್ಬು ಹುಟ್ಟಿದ್ದು ಒಳಪೊರೆಯಲ್ಲಲ್ಲ, ಅದರ ಕೆಳಗಿನ ಗೋಡೆಯಲ್ಲಿ. ಇಕ್ಕಳ ಕಚ್ಚುವುದು ಒಂದೆರಡು ಮಿಲಿಮೀಟರ್ ಆಳ. ಚಾದರದ ಕೆಳಗೆ ತೆಂಗಿನಕಾಯಿ ಇಟ್ಟು ಚಾದರದ ತುಂಡು ಕತ್ತರಿಸಿ ಕಳಿಸಿದರೆ ನನಗೆ ಕಾಣುವುದು ಬಟ್ಟೆಯೇ. ಕೊನೆಗೆ ಹೀಗೆ ಬರೆದೆ: ‘ತುಣುಕುಗಳಲ್ಲಿ ಜಠರದ ಒಳಪೊರೆ ಮಾತ್ರ ಇದೆ. ಎಂಡೊಸ್ಕೋಪಿಯಲ್ಲಿ ಕಂಡ ಉಬ್ಬು ಈ ಮಾದರಿಯಲ್ಲಿ ಸೇರಿಲ್ಲ. ಅದು ಗೆಡ್ಡೆಯಲ್ಲವೆಂದು ಇದರಿಂದ ತೀರ್ಮಾನಿಸುವಂತಿಲ್ಲ. ಗೋಡೆಯ ಆಳದಿಂದ ಮಾದರಿ ಬೇಕು.’ ಪೈಲೋರಿಯ ವಿಷಯ ಕೊನೆಯ ಸಾಲಿನಲ್ಲಿ.

ಈ ವಯಸ್ಸಿನಲ್ಲಿ ಜಠರದ ಗೋಡೆಯಲ್ಲಿ ಏನೇನಿರಬಹುದು? ದಾರಿ ತಪ್ಪಿ ಬೆಳೆದ ಮೇದೋಜೀರಕದ ತುಣುಕು ಇರಬಹುದು, ಅದು ಅಪಾಯವಿಲ್ಲದ್ದು. ಲಿಂಫೋಮಾ, ಕ್ಷಯ, ಸ್ನಾಯುವಿನ ಅಥವಾ ನರದ ಸಾಧು ಗೆಡ್ಡೆ. ಹೆಣ್ಣುಮಕ್ಕಳಲ್ಲಿ ಹೊಟ್ಟೆಯಲ್ಲಿ ಗೆಡ್ಡೆ ಕೈಗೆ ಸಿಕ್ಕರೆ ನುಂಗಿದ ಕೂದಲಿನ ಉಂಡೆಯನ್ನೂ ನೆನೆಯಬೇಕು, ಆದರೆ ಅದು ಎಂಡೊಸ್ಕೋಪಿಗೆ ನೇರವಾಗಿ ಕಾಣುತ್ತದೆ. ಕೊನೆಯದು ಗಿಸ್ಟ್, ಅಂದರೆ ಗ್ಯಾಸ್ಟ್ರೋಇಂಟೆಸ್ಟೈನಲ್ ಸ್ಟ್ರೋಮಲ್ ಟ್ಯೂಮರ್. ಹೆಚ್ಚಾಗಿ ಐವತ್ತು ದಾಟಿದವರ ಕಾಯಿಲೆ. ಇಪ್ಪತ್ತರ ಒಳಗಿನವರು ನೂರಕ್ಕೆ ಒಬ್ಬರೋ ಇಬ್ಬರೋ. ಆದರೆ ಆ ಒಬ್ಬಿಬ್ಬರಲ್ಲಿ ಬಹುಪಾಲು ಹುಡುಗಿಯರು, ಗೆಡ್ಡೆ ಬಹುಪಾಲು ಜಠರದಲ್ಲಿ, ಮೊದಲ ಗುರುತು ಹೆಚ್ಚಾಗಿ ರಕ್ತಹೀನತೆ. ಇದನ್ನು ಬರೆಯುವಾಗ ಕೈ ನಿಂತಿತು.

ಜುಲೈ 21. ಅಂಕೋಲಾ

ಬೇಕಾದದ್ದು ಎಂಡೊಸ್ಕೋಪಿಕ್ ಅಲ್ಟ್ರಾಸೌಂಡ್. ಜಠರದ ಒಳಗಿಂದಲೇ ಗೋಡೆಯ ಪದರ ಪದರವನ್ನು ನೋಡಿ, ಸೂಜಿಯನ್ನು ನೇರವಾಗಿ ಗೆಡ್ಡೆಗೆ ಇಳಿಸುವ ಪರೀಕ್ಷೆ. ಅದಕ್ಕೆ ಜಿಲ್ಲೆಯ ಹೊರಗೇ ಹೋಗಬೇಕು. ಎಲ್ಲಿಗೆ? ತೆಂಕಣಕ್ಕೆ ಮಣಿಪಾಲ, ಆದರೆ ಹೆದ್ದಾರಿ ಶಿರೂರಿನಲ್ಲಿ ಮಣ್ಣಿನಡಿ ಇದೆ, ಅಲ್ಲಿ ಇನ್ನೂ ಹೆಣ ಹುಡುಕುತ್ತಿದ್ದಾರೆ. ಬಡಗಣಕ್ಕೆ ಗೋವಾದ ಬಾಂಬೋಳಿ. ಕಾರವಾರದವರಿಗೆ ಅದು ತಲೆಮಾರುಗಳಿಂದ ತವರಿನ ಆಸ್ಪತ್ರೆ, 2018ರಿಂದ ಹೊರರಾಜ್ಯದವರಿಗೆ ಶುಲ್ಕ ಬಂದಿದೆ. ಮೂಡಣಕ್ಕೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿ, ಈ ಮಳೆಯಲ್ಲಿ ಘಟ್ಟವನ್ನು ನಂಬುವ ಹಾಗಿಲ್ಲ.

ನಿನ್ನೆಗೆ ಎರಡು ವರ್ಷ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆ್ಯಂಬುಲೆನ್ಸ್ ಬೈಂದೂರಿನ ಹತ್ತಿರದ ಇನ್ನೊಂದು ಶಿರೂರಿನ ಟೋಲ್ ಗೇಟಿಗೆ ಬಡಿದು ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಆಗ ಊರೂರಲ್ಲಿ ಜನ ಬೀದಿಗಿಳಿದಿದ್ದರು. ಅದು ನ್ಯಾಯವಾದ ಕೇಳಿಕೆ. ನಮ್ಮ ಜಿಲ್ಲೆಯಲ್ಲಿ ರೋಗನಿದಾನ ಶುರುವಾಗುವುದೇ ಯಾವ ರಸ್ತೆ ತೆರೆದಿದೆ ಎಂಬ ಪ್ರಶ್ನೆಯಿಂದ.

ರೈಲು ಓಡುತ್ತಿದೆ. ಕಾರವಾರದಲ್ಲಿ ಎರಡು ಬಾಟಲಿ ರಕ್ತ ಕೊಟ್ಟು, ರೆಫರಲ್ ಚೀಟಿ ಹಿಡಿಸಿ, ಅಂಕೋಲಾ ಸ್ಟೇಷನ್ನಿನಿಂದ ಉಡುಪಿಗೆ ಹೊರಡಿಸುವುದೆಂದು ನಿಶ್ಚಯವಾಯಿತು. ನನ್ನ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಒಂದು ಡಬ್ಬಿಯಲ್ಲಿ ಹಾಕಿ ತಾಯಿಯ ಕೈಗೆ ಕೊಟ್ಟೆ. “ಇದು ನಿನ್ನ ಮಗಳದ್ದು ತಂಗೀ. ಯಾರು ಕೇಳಿದರೂ ತೋರಿಸು, ವಾಪಸ್ ತಕೋ, ಬಿಸಿಲಿಗೆ ಇಡಬೇಡ.” ಬ್ಲಾಕ್ ಆಸ್ಪತ್ರೆಯ ಸ್ವತ್ತು, ತಮಗೆ ಕೇಳುವ ಹಕ್ಕಿಲ್ಲ ಎಂದುಕೊಂಡವರೇ ಹೆಚ್ಚು. ಎರಡನೇ ಅಭಿಪ್ರಾಯ ಅನ್ನುವುದು ಆ ಮೇಣದ ತುಂಡಿನ ಮೇಲೇ ನಿಂತಿದೆ.

ಜುಲೈ 30. ಕಾರವಾರ

ಮಣಿಪಾಲದಿಂದ ಫೋನ್. ಸಿ.ಟಿ.ಯಲ್ಲಿ ಆರು ಸೆಂಟಿಮೀಟರಿನ ಗೆಡ್ಡೆ, ಪಕ್ಕದಲ್ಲೇ ಇನ್ನೆರಡು ಚಿಕ್ಕ ಗಂಟು, ಹತ್ತಿರದ ಒಂದು ದುಗ್ಧಗ್ರಂಥಿ ಊದಿದೆ. ಸೂಜಿಯಲ್ಲಿ ಬಂದ ಕಣಗಳು ದುಂಡಗೆ, ಗುಂಪುಗುಂಪಾಗಿವೆ. ಇಮ್ಯುನೊ ಬಣ್ಣದಲ್ಲಿ ಸಿಡಿ117 ಪಾಸಿಟಿವ್, ಡಾಗ್1 ಪಾಸಿಟಿವ್. ಗಿಸ್ಟ್.

ಈ ಗೆಡ್ಡೆಗೆ ಸರಿಯಾದ ಗುರುತು ಸಿಕ್ಕಿದ್ದು ನನ್ನ ತಲೆಮಾರಿನಲ್ಲೇ. 1983ರಲ್ಲಿ ಮಝೂರ್ ಮತ್ತು ಕ್ಲಾರ್ಕ್ ಇವು ಬರೀ ಸ್ನಾಯುವಿನ ಗೆಡ್ಡೆಗಳಲ್ಲ ಎಂದು ಬೇರ್ಪಡಿಸಿದರು. 1998ರಲ್ಲಿ ಜಪಾನಿನ ಹಿರೋಟಾ ಮತ್ತು ಜೊತೆಗಾರರು ಕಿಟ್ ಎಂಬ ಜೀನಿನ ದೋಷವನ್ನು ಇವುಗಳಲ್ಲಿ ಕಂಡರು. ಜೀರ್ಣನಾಳಕ್ಕೆ ತಾಳ ಹಾಕಿಕೊಡುವ ಕಾಹಾಲ್ ಕಣಗಳ ಬಳಗದಿಂದ ಇವು ಹುಟ್ಟುತ್ತವೆ. ಅದಕ್ಕೂ ಮುಂಚೆ ನಮ್ಮ ಕರಾವಳಿಯಲ್ಲಿ ಎಷ್ಟು ಜನ ಇದೇ ಗೆಡ್ಡೆಯನ್ನು ‘ಲಿಯೋಮಯೋಮಾ’ ಎಂಬ ಹೆಸರಲ್ಲಿ ಹೊತ್ತು ತಿರುಗಿದರೋ.

ಇಷ್ಟಕ್ಕೇ ನಿಲ್ಲಬಾರದು. ವಯಸ್ಸು ಹದಿನೇಳು, ಹೆಣ್ಣು, ಜಠರ, ಒಂದಕ್ಕಿಂತ ಹೆಚ್ಚು ಗಂಟು, ದುಂಡು ಕಣ, ದುಗ್ಧಗ್ರಂಥಿ. ಹಿರಿಯರ ಗಿಸ್ಟ್ ದುಗ್ಧಗ್ರಂಥಿಗೆ ಹೋಗುವುದು ಬಹಳ ಕಡಿಮೆ. ಎಸ್‌ಡಿಎಚ್ ಎಂಬ ಕಿಣ್ವವನ್ನು ಹುಡುಕುವ ಎಸ್‌ಡಿಎಚ್‌ಬಿ ಬಣ್ಣ ಹಾಕಿಸಿದಿರಾ ಎಂದು ಕೇಳಿದೆ. ಅಲ್ಲಿಯ ಪೆಥಾಲಜಿಸ್ಟ್ ನಗುತ್ತಾ, “ಅದಾಗಲೇ ಮೆಷಿನ್ನಿನಲ್ಲಿದೆ ಮೇಡಂ” ಎಂದರು. ನೆಮ್ಮದಿಯಾಯಿತು.

ಆಗಸ್ಟ್ 7. ಕಾರವಾರ

ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಿದೆ. ಚಾಲಕ ಬದುಕಿದ. ಹೊಸ ಸೇತುವೆಯ ಮೇಲೂ ಸ್ವಲ್ಪ ಹೊತ್ತು ಸಂಚಾರ ನಿಂತಿತ್ತು. ತಿಂಗಳೊಳಗೆ ತೆಂಕಣ ದಾರಿಯೂ ಬಡಗಣ ದಾರಿಯೂ ಹೀಗಾದವು.

ಆಗಸ್ಟ್ 9. ಅಂಕೋಲಾ

ಎಸ್‌ಡಿಎಚ್‌ಬಿ ಸ್ಲೈಡಿನ ಚಿತ್ರ ಮಣಿಪಾಲದಿಂದ ಫೋನಿಗೆ ಬಂತು. ರಕ್ತನಾಳದ ಕಣಗಳೆಲ್ಲ ಕಂದು ಬಣ್ಣ ಹಿಡಿದಿವೆ, ಅಂದರೆ ಬಣ್ಣ ಸರಿಯಾಗಿಯೇ ಕೆಲಸ ಮಾಡಿದೆ. ಗೆಡ್ಡೆಯ ಕಣಗಳಲ್ಲಿ ಕಂದು ಚುಕ್ಕೆ ಒಂದೂ ಇಲ್ಲ. ಎಸ್‌ಡಿಎಚ್ ಕೊರತೆಯ ಗಿಸ್ಟ್. ಈ ಸ್ಲೈಡಿನಲ್ಲಿ ಇಲ್ಲದ್ದೇ ಉತ್ತರ.

ಸಂಜೆ ಹುಡುಗಿಯೇ ಫೋನಿಗೆ ಬಂದಳು. ಮುಚ್ಚಿಡುವುದು ಬೇಡವೆಂದು ತಂದೆತಾಯಿಗೆ ಮೊದಲೇ ಹೇಳಿದ್ದೆ. ಎಸ್‌ಡಿಎಚ್ ಅಂದರೆ ಸಕ್ಸಿನೇಟ್ ಡಿಹೈಡ್ರೋಜಿನೇಸ್ ಎಂದೊಡನೆ, “ಕ್ರೆಬ್ಸ್ ಸೈಕಲ್‌ನಲ್ಲಿ ಬರೂದಾ ಅಕ್ಕಾ? ಪಿಯುಸಿ ಬಯಾಲಜಿಲಿ ಇತ್ತು” ಎಂದಳು. ಅದೇ. ಮೈಟೊಕಾಂಡ್ರಿಯದಲ್ಲಿ ಕೂತು ಸಕ್ಸಿನೇಟನ್ನು ಫ್ಯೂಮರೇಟ್ ಮಾಡುವ ಕಿಣ್ವ. ಅದು ಕೆಟ್ಟರೆ ಸಕ್ಸಿನೇಟ್ ಗುಡ್ಡೆ ಬೀಳುತ್ತದೆ, ಕಣಕ್ಕೆ ಆಮ್ಲಜನಕವೇ ಸಿಗುತ್ತಿಲ್ಲವೇನೋ ಎಂಬ ತಪ್ಪು ಸುದ್ದಿ ಹೋಗುತ್ತದೆ, ಜೀನುಗಳ ಮೇಲಿನ ಗುರುತುಗಳು ಅಳಿಯದೆ ಉಳಿಯುತ್ತವೆ, ಕಣ ಬೆಳೆಯತೊಡಗುತ್ತದೆ. ಕೇಳಿಸಿಕೊಂಡು ಸುಮ್ಮನಿದ್ದಳು. ಆಮೇಲೆ, “ಹಾಗಾದ್ರೆ ನಾನು ತಿಂದದ್ದರಿಂದ ಆದದ್ದಲ್ಲ” ಎಂದಳು. ಅಲ್ಲವೇ ಅಲ್ಲ ಮಗಾ, ಎಂದೆ.

ಈ ಒಂದು ಬಣ್ಣದಿಂದ ಏನೆಲ್ಲ ಬದಲಾಗುತ್ತದೆ ಎಂಬುದನ್ನು ಬರೆದಿಡಬೇಕು. ಗಿಸ್ಟ್ ಎಂದರೆ ಎಲ್ಲರ ಬಾಯಲ್ಲೂ ಬರುವುದು ಇಮ್ಯಾಟಿನಿಬ್. 2000ದ ಮಾರ್ಚ್‌ನಲ್ಲಿ ಹೆಲ್ಸಿಂಕಿಯಲ್ಲಿ ಒಬ್ಬ ಮಹಿಳೆಗೆ ಮೊದಲು ಕೊಟ್ಟರು, ಹರಡಿದ್ದ ಗೆಡ್ಡೆಗಳು ವಾರಗಳಲ್ಲಿ ಕುಗ್ಗಿದವು. ನಮ್ಮ ದೇಶದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಯ ಗ್ಲಿವೆಕ್‌ಗೆ ಪೇಟೆಂಟ್ ನಿರಾಕರಿಸಿತು, ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ನಮ್ಮ ಕಂಪನಿಗಳಿಂದ ಅದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆಗೆ ಸಿಗುವ ಹಾಗೆ ಉಳಿಯಿತು. ಬೈತಖೋಲದ ಒಬ್ಬ ಅಜ್ಜ ದಿನಕ್ಕೆ 400 ಮಿಲಿಗ್ರಾಂ ನುಂಗಿ ವರ್ಷಗಳಿಂದ ಬಲೆ ಹೆಣೆಯುತ್ತಾ ಕೂತಿದ್ದಾರೆ. ಅವರಿಗೆ ಆ ತೀರ್ಪು ಪ್ರಾಣ ಕೊಟ್ಟಿದೆ. ಆದರೆ ಆ ಮಾತ್ರೆ ಹಿಡಿಯುವುದು ಕಿಟ್ ಕೆಟ್ಟ ಗೆಡ್ಡೆಯನ್ನು. ಈ ಹುಡುಗಿಯ ಗೆಡ್ಡೆಯಲ್ಲಿ ಕಿಟ್ ಕೆಟ್ಟಿಲ್ಲ. ಸಿಡಿ117 ಪಾಸಿಟಿವ್ ಎಂದಲ್ಲಿಗೇ ನಿಂತಿದ್ದರೆ ಇವಳಿಗೂ ಅದೇ ಮಾತ್ರೆ ವರ್ಷಗಟ್ಟಲೆ ನಡೆಯುತ್ತಿತ್ತು, ಮುಖ ಊದುತ್ತಿತ್ತು, ಗೆಡ್ಡೆ ಮಾತ್ರ ತನ್ನ ಪಾಡಿಗೆ ಇರುತ್ತಿತ್ತು.

ಇನ್ನೊಂದು, ಇದಕ್ಕಿಂತ ತುರ್ತಿನದು. 1977ರಲ್ಲಿ ಮೇಯೋ ಕ್ಲಿನಿಕ್ಕಿನ ಏಡನ್ ಕಾರ್ನಿ ಇಂಥ ಯುವತಿಯರಲ್ಲಿ ಮೂರು ಗೆಡ್ಡೆಗಳು ಜೊತೆಗೂಡುವುದನ್ನು ಗುರುತಿಸಿದರು: ಜಠರದ್ದು, ಶ್ವಾಸಕೋಶದ ಮೃದ್ವಸ್ಥಿಯದ್ದು, ಅಡ್ರಿನಾಲಿನ್ ಬಗೆಯ ಹಾರ್ಮೋನು ಸುರಿಸಬಲ್ಲ ಪ್ಯಾರಾಗ್ಯಾಂಗ್ಲಿಯೋಮಾ. ಮೂರನೆಯದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಮೇಜಿನ ಮೇಲೇ ರಕ್ತದೊತ್ತಡ ಸಿಡಿದು ಪ್ರಾಣಕ್ಕೆ ಕುತ್ತು. ಹಾಗಾಗಿ ಆಪರೇಷನ್ನಿಗೆ ಮೊದಲು ಮೆಟಾನೆಫ್ರಿನ್ ಪರೀಕ್ಷೆ, ಎದೆಯ ಸ್ಕ್ಯಾನ್. ಎರಡೂ ಮಾಡಿಸಿದ್ದಾರೆ, ಎರಡೂ ಸರಿಯಿವೆ.

ಆಗಸ್ಟ್ 23. ಕಾರವಾರ

ಆಪರೇಷನ್ ಆಯಿತು. ಜಠರದ ಕೆಳಭಾಗ, ಗಂಟುಗಳು, ಊದಿದ ಗ್ರಂಥಿ ತೆಗೆದಿದ್ದಾರೆ. ಗೆಡ್ಡೆ ಒಡೆಯದೆ ಇಡಿಯಾಗಿ ಬಂದಿದೆ, ಒಡೆದರೆ ಹೊಟ್ಟೆಯಲ್ಲಿ ಬಿತ್ತನೆಯಾಗುತ್ತದೆ. ಇಡೀ ಜಠರ ತೆಗೆದುಬಿಡೋಣ ಎಂಬ ಮಾತೂ ಬಂದಿತ್ತಂತೆ. ಬೇಡವೆಂದು ನಿರ್ಧರಿಸಿದ್ದು ಸರಿ. ಈ ಗೆಡ್ಡೆ ಮರಳಿ ಬರಬಹುದು, ಗ್ರಂಥಿಗೂ ಯಕೃತ್ತಿಗೂ ಹೋಗಬಹುದು, ಆದರೂ ಹೆಚ್ಚಿನವರಲ್ಲಿ ಬಹಳ ನಿಧಾನ. ಹರಡಿದ ಮೇಲೂ ಹತ್ತಾರು ವರ್ಷ ಬದುಕಿದವರಿದ್ದಾರೆ. ಹದಿನೇಳರ ಹುಡುಗಿ ಅಷ್ಟೂ ವರ್ಷ ಉಣ್ಣಬೇಕಲ್ಲ.

ಸೆಪ್ಟೆಂಬರ್ 26. ಅಂಕೋಲಾ

ಶಿರೂರಿನಲ್ಲಿ ಗುಡ್ಡ ಕುಸಿದಾಗ ನದಿಗೆ ಬಿದ್ದಿದ್ದ ಕೇರಳದ ಚಾಲಕನ ಲಾರಿ ನಿನ್ನೆ ಗಂಗಾವಳಿಯ ತಳದಿಂದ ಮೇಲೆ ಬಂತು, ಅವನ ದೇಹದೊಂದಿಗೆ. ಎಪ್ಪತ್ತಕ್ಕೂ ಹೆಚ್ಚು ದಿನ ಕಾದ ಮನೆಯವರಿಗೆ ಕೊನೆಗೂ ಒಂದು ಉತ್ತರ ಸಿಕ್ಕಿತು.

ಹುಡುಗಿಯ ಮನೆಗೆ ಹೋಗಿದ್ದೆ. ಹಿಮೋಗ್ಲೋಬಿನ್ 11.4. ದಿನಕ್ಕೆ ಆರು ಸಲ ಸ್ವಲ್ಪಸ್ವಲ್ಪ ಗಂಜಿ, ಬೇಯಿಸಿದ ಮೀನು. ಕಾಲೇಜಿಗೆ ದಸರಾ ರಜೆ ಮುಗಿದ ಮೇಲೆ ಹೋಗುತ್ತಾಳೆ. ಅಜ್ಜಿ ನನ್ನನ್ನು ಜಗಲಿಗೆ ಕರೆದು ಮೆಲ್ಲಗೆ, “ಕೈಗಾದಿಂದ ಬಂದದ್ದಾ ಬಾಯಿ?” ಎಂದು ಕೇಳಿದಳು. ಕೈಗಾ ಅಣುವಿದ್ಯುತ್ ಸ್ಥಾವರದ ಈ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಪ್ರತಿ ಕ್ಯಾನ್ಸರ್ ಮನೆಯಲ್ಲೂ ಏಳುತ್ತದೆ, ಕೇಳುವವರನ್ನು ಗದರಬಾರದು. ಈ ಗೆಡ್ಡೆಗೆ ವಿಕಿರಣ ಕಾರಣವೆಂದು ತೋರಿಸುವ ಆಧಾರವಿಲ್ಲ, ಎಸ್‌ಡಿಎಚ್ ಜೀನಿನ ದೋಷ ಅನೇಕರಲ್ಲಿ ಹುಟ್ಟಿನಿಂದಲೇ ಇರುತ್ತದೆ ಎಂದು ಹೇಳಿದೆ. ಹೇಳಿದೊಡನೆ ತಾಯಿಯ ಮುಖ ನೋಡಿದರು ಎಲ್ಲರೂ. ಅದೂ ಸಲ್ಲದು. ದೋಷ ತಂದೆಯ ಕಡೆಯಿಂದಲೂ ಬರುತ್ತದೆ, ಯಾರ ಕಡೆಯಿಂದಲೂ ಬಾರದೆಯೂ ಆಗುತ್ತದೆ. ಎಲ್ಲರೂ ಕೇಳುವಂತೆ, ಎರಡು ಸಲ ಹೇಳಿದೆ.

ರಕ್ತದ ಜೀನ್ ಪರೀಕ್ಷೆಗೆ ಮಾದರಿ ಹೋಗಿದೆ, ಫಲಿತಾಂಶ ಬಂದಿಲ್ಲ. ಜೀನಿನಲ್ಲಿ ದೋಷ ಸಿಕ್ಕರೆ ಎಂಟನೇ ಕ್ಲಾಸಿನ ತಮ್ಮನಿಗೂ ಪರೀಕ್ಷೆ ಆಗಬೇಕು. ಅವಳಿಗೆ ಜೀವನಪೂರ್ತಿ ತಪಾಸಣೆ, ಆದಷ್ಟು ಎಂ.ಆರ್.ಐ.ಯಲ್ಲೇ, ಎಳೆಯ ದೇಹಕ್ಕೆ ಸಿ.ಟಿ.ಯ ವಿಕಿರಣ ಮತ್ತೆ ಮತ್ತೆ ಬೇಡ. ರಕ್ತದೊತ್ತಡ ಏರಿದರೆ, ಎದೆ ಹೊಡೆದುಕೊಂಡು ಬೆವರಿದರೆ ತಡ ಮಾಡದೆ ತಿಳಿಸಬೇಕು. ಇದನ್ನೆಲ್ಲ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಮುಂದೆ ಯಾವ ಊರಿನ ಡಾಕ್ಟರ ಎದುರು ಕೂತರೂ ಅವಳೇ ತೋರಿಸಬೇಕಾದ ಹಾಳೆ.

ಅಕ್ಟೋಬರ್ 19. ಕಾರವಾರ

ಮುಂದಿನ ವಾರ ಹೌಸ್ ಸರ್ಜನ್ ಹುಡುಗರೊಂದಿಗೆ ಮಾತಾಡಬೇಕು. ಸ್ಲೈಡುಗಳನ್ನು ಆರಿಸಿಟ್ಟೆ. ಕಾರ್ನಿ, ಹಿರೋಟಾ, ಸಕ್ಸಿನೇಟ್ ಎಲ್ಲ ಕೊನೆಗೆ. ಅವರಲ್ಲಿ ಹೆಚ್ಚಿನವರು ತಮ್ಮ ಇಡೀ ವೃತ್ತಿಯಲ್ಲಿ ಈ ಗೆಡ್ಡೆಯನ್ನು ಒಮ್ಮೆಯೂ ನೋಡಲಿಕ್ಕಿಲ್ಲ, ಬಿಳಿಚಿದ ಹುಡುಗಿಯರನ್ನು ದಿನವೂ ನೋಡುತ್ತಾರೆ. ಮೊದಲಿಗೆ ಹೇಳಬೇಕೆಂದಿರುವುದು ಇಷ್ಟು: ಮೂರು ತಿಂಗಳು ಸರಿಯಾಗಿ ಮಾತ್ರೆ ನುಂಗಿಯೂ ರಕ್ತ ಏರದ ಹುಡುಗಿ ಬಂದರೆ, ದಯವಿಟ್ಟು, ನಾಲ್ಕನೇ ತಿಂಗಳ ಚೀಟಿ ಬರೆಯುವ ಮೊದಲು ಮಾತ್ರೆ ವಾರ ನಿಲ್ಲಿಸಿ ಮಲದಲ್ಲಿ ರಕ್ತವಿದೆಯೇ ನೋಡಿ. ಎಂಡೊಸ್ಕೋಪಿಯಲ್ಲಿ ಉಬ್ಬು ಕಂಡು ಬಯಾಪ್ಸಿ ಸಹಜ ಎಂದು ಬಂದರೆ, ಬರೆದ ಪೆಥಾಲಜಿಸ್ಟಿಗೆ ಒಂದು ಫೋನ್ ಮಾಡಿ, ಉಬ್ಬು ಮಾದರಿಯಲ್ಲಿ ಬಂದಿದೆಯೇ ಎಂದು ಕೇಳಿ. ಎರಡಕ್ಕೂ ಜಿಲ್ಲೆ ಬಿಟ್ಟು ಹೋಗಬೇಕಾಗಿಲ್ಲ.